ಹೊಸ ಹೆಸರಿಗೆ 500 ನಾಣ್ಯ: ಸ್ಟಾರ್‌ಡ್ಯೂ ವ್ಯಾಲಿ ಜೊತೆ ಐದು ವರ್ಷ

ಸ್ಟಾರ್‌ಡ್ಯೂ ವ್ಯಾಲಿ ಅಂದರೆ ಪುಟ್ಟ ಊರೊಂದರಲ್ಲಿ ಬೇಸಾಯ ಮಾಡಿಕೊಂಡು, ಊರವರ ಸ್ನೇಹ ಬೆಳೆಸುವ ವಿಡಿಯೋ ಗೇಮ್. ಎರಿಕ್ ಬ್ಯಾರೋನ್ ಒಬ್ಬನೇ ಕೂತು ಈ ಆಟ ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಕಥೆ ನಿಮಗೆ ಗೊತ್ತಿರುತ್ತದೆ. ನಾನು ಹೇಳಬೇಕಾಗಿರುವುದು ಆ ಊರಿನ ಮಾಂತ್ರಿಕನ ಮನೆಯ ನೆಲಮಾಳಿಗೆ ಬಗ್ಗೆ.

ನಾನು ಟ್ರಾನ್ಸ್ ಮಹಿಳೆ. 2020ರ ಲಾಕ್‌ಡೌನ್‌ನಲ್ಲಿ ದಾವಣಗೆರೆಯ ಮನೆಯಲ್ಲಿ ಸಿಕ್ಕಿಕೊಂಡಿದ್ದಾಗ ಇದನ್ನು ಮೊಬೈಲ್‌ಗೆ ಹಾಕಿಕೊಂಡೆ. ಅದಕ್ಕೆ ಮುಂಚೆ ಗುಂಡು ಹಾರಿಸುವ ಆಟವೊಂದನ್ನು ಆಡುತ್ತಿದ್ದೆ. ಮೈಕ್ ಆನ್ ಮಾಡಿದರೆ ಸಾಕು, ನನ್ನ ದನಿ ಕೇಳಿ ಬೈಗುಳ ಶುರು. ಇಲ್ಲಿ ಮೈಕೇ ಬೇಕಿಲ್ಲ. ಒಂದು ಸಲ ದುಡ್ಡು ಕೊಟ್ಟರೆ ಜಾಹೀರಾತಿನ ಕಾಟವೂ ಇಲ್ಲ. ನಾಲ್ಕೈದು ಮಸಾಲೆ ದೋಸೆ ಬಿಟ್ಟೆ ಅಂದುಕೊಂಡೆ.

ಫೋನನ್ನು ತಮ್ಮನೂ ಮುಟ್ಟುತ್ತಿದ್ದ. ಹಾಗಾಗಿ ಆಟದಲ್ಲೂ ಗಂಡು ವೇಷ, ಹಳೇ ಹೆಸರು. ಬೆಳಗ್ಗೆ ಆರಕ್ಕೆ ಏಳುವುದು, ಟಿವಿಯಲ್ಲಿ ನಾಳೆ ಮಳೆ ಇದೆಯಾ ನೋಡುವುದು, ಗಿಡಗಳಿಗೆ ಒಂದೊಂದಾಗಿ ನೀರು ಹಾಕುವುದು, ಬೆಕ್ಕಿನ ಬಟ್ಟಲಿಗೂ ಒಂದಿಷ್ಟು. ಮಳೆ ಬಂದರೆ ರಜೆ.

ಆಮೇಲೆ ಗೊತ್ತಾಯಿತು. ಆಟದಲ್ಲಿ ಸ್ನೇಹವನ್ನು ಹೃದಯಗಳಲ್ಲಿ ಅಳೆಯುತ್ತಾರೆ. ಮಾಂತ್ರಿಕನ ಜೊತೆ ನಾಲ್ಕು ಹೃದಯದಷ್ಟು ಸ್ನೇಹ ಬೆಳೆದರೆ ನೆಲಮಾಳಿಗೆಗೆ ಬಿಡುತ್ತಾನೆ. ಅಲ್ಲೊಂದು ಪುಟ್ಟ ಗುಡಿ. 500 ನಾಣ್ಯ ಇಟ್ಟರೆ ರೂಪ, ಲಿಂಗ, ಹೆಸರು ಎಲ್ಲ ಬದಲಿಸಬಹುದು. ಅವನಿಗೆ ನೇರಳೆ ಅಣಬೆ ಅಂದರೆ ಪ್ರಾಣ. ವಾರಕ್ಕೆ ಎರಡೇ ಉಡುಗೊರೆ ತಗೊಳ್ಳುತ್ತಾನೆ, ಮಹಾರಾಯ. ಗಣಿಗೆ ಇಳಿದು ಅಣಬೆ ತಂದು ತಂದು ಕೊಟ್ಟೆ. ಬಾಗಿಲು ತೆರೆಯಿತು. ಸೀರೆ ಇರಲಿಲ್ಲ, ಲಂಗ ಹಾಕಿಕೊಂಡೆ. ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಮಾರನೇ ದಿನವೂ ಊರು ಎಂದಿನಂತೆಯೇ ಇತ್ತು. ಹೊಸ ಹೆಸರಲ್ಲೇ ಮಾತಾಡಿಸಿದರು. ಯಾವಾಗಿಂದ, ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಅತ್ತೆ.

ನಿಜವಾದ ಊರಲ್ಲಿ ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಕೈಗೆ ಬಂದಮೇಲೂ ಬ್ಯಾಂಕಿನ ಗುಮಾಸ್ತರೊಬ್ಬರು ಹಳೇ ಹೆಸರಲ್ಲೇ ಕೂಗುತ್ತಿದ್ದರು. ಅವರಿಗೆ ಯಾವ ಅಣಬೆ ಇಷ್ಟವೋ ತಿಳಿಯಲೇ ಇಲ್ಲ.

ಇನ್ನು ಈ ಆಟಕ್ಕೆ ನನ್ನ ಬೈಗುಳ. ಆಟದ ಒಂದು ದಿನ ನಮ್ಮ 14 ನಿಮಿಷ. ಮಲಗಿದಾಗ ಸೇವ್ ಆಗುತ್ತದೆ, ಅಷ್ಟರಲ್ಲಿ ಮುಂದಿನ ಬೆಳಗು ಕಣ್ಣೆದುರಿಗೆ. ಇನ್ನೊಂದೇ ದಿನ ಅನ್ನಿಸುತ್ತದೆ, ಅಲ್ವಾ? ರಾತ್ರಿ ಎರಡಾದರೆ ಆಟದವಳು ಸುಸ್ತಾಗಿ ಬಿದ್ದುಬಿಡುತ್ತಾಳೆ. ನಾನು ನಾಲ್ಕಾದರೂ ಎದ್ದೇ ಇರುತ್ತಿದ್ದೆ. ಬೆಂಗಳೂರಿಗೆ ಬಂದಮೇಲೆ ಇದು ಜಾಸ್ತಿಯಾಯಿತು. ಕೆಲಸಕ್ಕೆ ಚಕ್ಕರ್, ಯಾರ ಫೋನೂ ಎತ್ತುತ್ತಿರಲಿಲ್ಲ. ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೇ 2014ರಿಂದ ಶಟ್ ಕ್ಲಿನಿಕ್ ಇದೆ ಅಂತ ಗೊತ್ತಿತ್ತು. ಆದರೆ ಡಾಕ್ಟರ ಹತ್ತಿರ ಹೋದರೆ ಆಟ ಬಿಟ್ಟು ನನ್ನನ್ನೇ ಕಾಯಿಲೆ ಅಂತಾರೇನೋ ಅನ್ನುವ ಭಯ. ಗೆಳತಿ ನಕ್ಕಳು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ನಮ್ಮನ್ನು ಮಾನಸಿಕ ಕಾಯಿಲೆಗಳಿಂದ ಹೊರಗೆ ತೆಗೆದಿದ್ದಾರೆ, ಮಿತಿಮೀರಿದ ಗೇಮಿಂಗ್ ಒಳಗೆ ಸೇರಿಸಿದ್ದಾರೆ. "ನೀನು ಹೊರಗೆ, ನಿನ್ನ ಆಟ ಒಳಗೆ ಕಣೇ!"

ಕೊನೆಗೆ ಮನೆ ಹತ್ತಿರದ ಒಬ್ಬ ಆಪ್ತ ಸಮಾಲೋಚಕರನ್ನು ಕಂಡೆ. ಆಟ ಬಿಡಿ ಅನ್ನಲಿಲ್ಲ. "ಆಟದ ಹೊರಗೆ ನಿಮ್ಮನ್ನ ಈ ಹೆಸರಲ್ಲಿ ಕರೆಯೋರು ಎಷ್ಟು ಜನ?" ಅಂದರು. ಮೂವರು. ಅವರ ಫೋನನ್ನೇ ನಾನು ಎತ್ತುತ್ತಿರಲಿಲ್ಲ.

ಈಗ ಊಟ ಆದಮೇಲೆ ಆಟದ ಮೂರು ದಿನ, ಅಂದರೆ ಹೆಚ್ಚುಕಮ್ಮಿ ಮುಕ್ಕಾಲು ಗಂಟೆ. ಆಮೇಲೆ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಿತ್ತಿದ್ದು ನನಗಾಗಿ ಅಲ್ಲ. ಗಂಡೂ ಅಲ್ಲ, ಹೆಣ್ಣೂ ಅಲ್ಲ ಅನ್ನುವ ಗೆಳೆಯರೊಬ್ಬರಿಗೆ ಆಟ ಹಾಕಿಕೊಟ್ಟೆ. ಮೊದಲ ಪುಟದಲ್ಲೇ ನಿಂತುಬಿಟ್ಟರು. ಅಲ್ಲಿರುವುದು ಎರಡೇ ಗುರುತು.