ಚಿಗವ್ವನ ಖಾನಾವಳಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ್ದು: ನಾಲ್ಕು ವರ್ಷದ ನಂತರ ನನ್ನ ಅಭಿಪ್ರಾಯ

ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ, ಊಟ-ತಿಂಡಿ ಮಾರುವವರು ಅದರ ನಿಯಮದಡಿ ನೋಂದಣಿ ಮಾಡಿಸಬೇಕು. ಮೊದಲೇ ಹೇಳಿಬಿಡುತ್ತೇನೆ, ಆ ನೋಂದಣಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅನ್ನೋದು ಕೆಳಗೆ ಇದೆ. ಸಣ್ಣ ಖಾನಾವಳಿ, ಮೆಸ್, ಚಹಾದಂಗಡಿ ನಡೆಸುವವರು, ಮನೆಯಿಂದಲೇ ರೊಟ್ಟಿ-ಚಟ್ನಿಪುಡಿ ಮಾರುವವರು ಪೂರ್ತಿ ಓದಿ. ನಮಗೆ ಆಗ ಹೀಗೆ ಬಿಡಿಸಿ ಹೇಳುವವರು ಯಾರೂ ಸಿಕ್ಕಿರಲಿಲ್ಲ.

ನಮ್ಮ ಚಿಗವ್ವ ಧಾರವಾಡ ಕಡೆ ಒಂದು ಖಾನಾವಳಿ ನಡೆಸುತ್ತಾಳೆ. ನಾಲ್ಕೇ ಟೇಬಲ್. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಆಮೇಲೆ ಅನ್ನ-ಸಾರು. ಸಂಜೆ ಮಿರ್ಚಿ. ಬರುವವರಲ್ಲಿ ಜಾಸ್ತಿ ಜನ ರೂಮ್ ಮಾಡಿಕೊಂಡು ಓದುವ ಹುಡುಗರು. ಲಾಕ್‌ಡೌನ್ ಎಲ್ಲಾ ಮುಗಿದು 2021ರಲ್ಲಿ ಕಾಲೇಜುಗಳು ಮತ್ತೆ ಶುರುವಾದಾಗ, ಹತ್ತಿರದ ಒಂದು ಬ್ಯಾಂಕಿನವರು ದಿನಾ ಹದಿನೈದು ಊಟ ಕಳಿಸುತ್ತೀರಾ ಅಂತ ಕೇಳಿದರು. ಜೊತೆಗೆ ಬಿಲ್ ಮೇಲೆ ನಿಮ್ಮ ಫುಡ್ ಲೈಸೆನ್ಸ್ ನಂಬರ್ ಇರಬೇಕು ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. 2022ರ ಜನವರಿ 1ರಿಂದ ಆ ನಂಬರನ್ನು ಬಿಲ್ ಮೇಲೆ ಹಾಕುವುದು ಕಡ್ಡಾಯ ಆಗುವುದಿತ್ತು.

ಚಿಗವ್ವನ ಹತ್ತಿರ ನಂಬರ್ ಇರಲಿಲ್ಲ. "ನಾ ಊಟಾ ಹಾಕಾಕ ಚಾಲೂ ಮಾಡಿ ಹದಿನೆಂಟ ವರ್ಷ ಆತು ತಮ್ಮಾ, ಒಬ್ಬರೂ ಹೊಟ್ಟಿನೋವು ಅಂದಿಲ್ಲ. ಈಗ್ಯಾಕ ಈ ಕಾಗದಾ?" ಅಂದಳು. ಅವಳ ಮಾತು ಸುಳ್ಳಲ್ಲ. ಆದರೆ ಆಹಾರ ಸುರಕ್ಷತೆಯ ಕಾಯ್ದೆ ಬಂದಿದ್ದು 2006ರಲ್ಲಿ, ಲೈಸೆನ್ಸ್ ಮತ್ತು ನೋಂದಣಿಯ ನಿಯಮ ಜಾರಿಗೆ ಬಂದಿದ್ದು 2011ರ ಆಗಸ್ಟ್ 5ಕ್ಕೆ. ತಳ್ಳುಗಾಡಿಗೂ ಅದು ಅನ್ವಯಿಸುತ್ತದೆ, ಖಾನಾವಳಿಗೂ ಅನ್ವಯಿಸುತ್ತದೆ. ಹತ್ತು ವರ್ಷ ನಮಗೆ ಅದರ ಸುದ್ದಿಯೇ ಮುಟ್ಟಿರಲಿಲ್ಲ.

ಮೊದಲು ಹೋಗಿದ್ದು ಒಂದು ಝೆರಾಕ್ಸ್ ಅಂಗಡಿಗೆ. ಹೆಸರು ಬೇಡ. ಅಲ್ಲಿದ್ದವರು ಮೂರು ಸಾವಿರ ಆಗುತ್ತೆ, ಎಲ್ಲಾ ನಾವೇ ಮಾಡಿಸಿಕೊಡುತ್ತೇವೆ ಅಂದರು. ಚಿಗವ್ವ ಸೆರಗಿನ ಗಂಟಿಂದ ಐನೂರು ತೆಗೆದು ಮುಂಗಡ ಅಂತ ಕೊಟ್ಟೇಬಿಟ್ಟಳು. ಅವತ್ತು ರಾತ್ರಿ ನಾನು ಮನೆಯಲ್ಲಿ ಕೂತು ನೋಡಿದಾಗ ಗೊತ್ತಾಯಿತು, ಸಣ್ಣ ವ್ಯಾಪಾರಕ್ಕೆ ನೋಂದಣಿಯ ಸರ್ಕಾರಿ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ ಮಾತ್ರ. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೂ 500. ಮಾರನೇ ದಿನ ಹೋಗಿ ಮುಂಗಡ ವಾಪಸ್ ಕೇಳಿದೆ, ಇನ್ನೂರು ಮಾತ್ರ ಬಂತು. ಹೋಗಲಿ ಅಂತ ಬಿಟ್ಟೆವು.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಹೀಗೆ ಬೇರೆಯವರ ಕೈಯಲ್ಲಿ ಮಾಡಿಸಿದರೆ ಅರ್ಜಿಯಲ್ಲಿ ತಮ್ಮದೇ ಮೊಬೈಲ್ ನಂಬರ್, ತಮ್ಮದೇ ಇಮೇಲ್ ಹಾಕಿಬಿಡುವವರೂ ಇದ್ದಾರೆ. ಆಮೇಲೆ ಅವಧಿ ಮುಗಿಯುತ್ತಿದೆ ಅನ್ನುವ ಸಂದೇಶ ಅವರಿಗೇ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಪಕ್ಕದ ಬೇಕರಿಯವರಿಗೆ ಹೀಗೇ ಆಯಿತು. ಪಾಪ, ನೋಂದಣಿ ಮುಗಿದು ಎಂಟು ತಿಂಗಳ ಮೇಲೆ ತಿಳಿಯಿತು. ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಓದಿದ ಮಗನೋ ಮಗಳೋ ಸೊಸೆಯೋ ಇದ್ದರೆ ಅವರನ್ನು ಕೂರಿಸಿಕೊಂಡು ನೀವೇ ಮಾಡಿ. ಫಾಸ್ಕಾಸ್ ಅನ್ನುವುದು ಸರ್ಕಾರದ ಪೋರ್ಟಲ್. ಹುಡುಕಿದಾಗ ಅದೇ ತರಹ ಕಾಣುವ ಖಾಸಗಿಯವರ ಪುಟಗಳೂ ಬರುತ್ತವೆ, ವಿಳಾಸದಲ್ಲಿ ಜಿ-ಒ-ವಿ ಡಾಟ್ ಇನ್ ಇದೆಯಾ ಅಂತ ನೋಡಿಯೇ ಮುಂದೆ ಹೋಗಿ.

ಅರ್ಜಿ ಕಷ್ಟ ಅಲ್ಲ. ಫೋಟೋ, ಗುರುತಿನ ಚೀಟಿ, ಜಾಗದ ವಿಳಾಸಕ್ಕೆ ಒಂದು ದಾಖಲೆ, ಏನೇನು ಅಡುಗೆ ಮಾಡುತ್ತೀರಿ ಅನ್ನುವ ವಿವರ. ಒಂದೇ ಕಡೆ ನಾವು ತಡವರಿಸಿದ್ದು ವಹಿವಾಟಿನ ಪ್ರಶ್ನೆಯಲ್ಲಿ. ವರ್ಷಕ್ಕೆ 12 ಲಕ್ಷದ ಒಳಗಿದ್ದರೆ ನೋಂದಣಿ, ಅದಕ್ಕಿಂತ ಮೇಲೆ ಹೋದರೆ ರಾಜ್ಯದ ಲೈಸೆನ್ಸ್ ಅಂತ ಆಗ ಇದ್ದ ನಿಯಮ. ಚಿಗವ್ವ ಲಾಭದ ಲೆಕ್ಕ ಹಾಕಿ "ಹನ್ನೆರಡ ಲಕ್ಷ ಎಲ್ಲಿಂದ ಬರತೈತಿ" ಅಂದಳು. ಲಾಭ ಅಲ್ಲ, ಅದು ಒಟ್ಟು ಮಾರಾಟ. ದಿನಕ್ಕೆ ಹತ್ತಿರ ಹತ್ತಿರ 3,300 ರೂಪಾಯಿ ವ್ಯಾಪಾರ ಆದರೆ ವರ್ಷ ತುಂಬುವ ಹೊತ್ತಿಗೆ 12 ಲಕ್ಷ ಆಗಿಬಿಡುತ್ತದೆ. ಊಟಕ್ಕೆ 60 ರೂಪಾಯಿ ಅಂದರೆ 55 ಊಟ, ಅಷ್ಟೇ. ನಾವು ಇಬ್ಬರೂ ಕೂತು ಆರು ತಿಂಗಳ ಚೀಟಿ ಕೂಡಿಸಿದೆವು. ಎರಡು ಸಾವಿರದ ಆಸುಪಾಸು ಬಂತು, ಬ್ಯಾಂಕಿನ ಊಟ ಸೇರಿಸಿದರೂ ಮೂರು ಸಾವಿರ ದಾಟಲಿಲ್ಲ. ಹಾಗಾಗಿ ನೋಂದಣಿ ಸಾಕು. ನೀವೂ ಇದನ್ನು ಅಂದಾಜಿನ ಮೇಲೆ ಬರೆಯಬೇಡಿ, ಕೂಡಿಸಿಯೇ ಬರೆಯಿರಿ, ಈಗಿನ ಮಿತಿ ಮತ್ತು ಶುಲ್ಕವನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಇನ್ನೊಂದು, ತುಂಬಾ ಜನ ಕಲಸಿಕೊಳ್ಳುವುದು. ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇರೆ, ಇದು ಬೇರೆ. ಒಂದಿದೆ ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ನೋಂದಣಿಗೆ ಅರ್ಜಿ ಹಾಕಿದ ಏಳು ದಿನದೊಳಗೆ ಕಚೇರಿಯವರು ಮಂಜೂರು ಮಾಡಬೇಕು, ಇಲ್ಲಾ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲಾ ಜಾಗ ನೋಡಲು ಬರುತ್ತೇವೆ ಅಂತ ತಿಳಿಸಬೇಕು. ನೋಡಲು ಬರುವುದಾದರೆ 30 ದಿನದೊಳಗೆ ತೀರ್ಮಾನ. ಏನೂ ಹೇಳದೇ ಆ ಅವಧಿ ಕಳೆದರೆ ವ್ಯಾಪಾರ ಶುರು ಮಾಡಬಹುದು ಅಂತ 2011ರ ನಿಯಮದಲ್ಲೇ ಇತ್ತು. ಸಣ್ಣವರ ಪರವಾಗಿ ಇಷ್ಟು ಸ್ಪಷ್ಟವಾಗಿ ಬರೆದ ನಿಯಮ ನಾನು ಬೇರೆ ಎಲ್ಲೂ ಓದಿರಲಿಲ್ಲ, ಓದಿ ನಿಜಕ್ಕೂ ಖುಷಿಯಾಯಿತು. ನಮಗೆ ಆರನೇ ದಿನ ಫೋನ್ ಬಂತು, ಶುಕ್ರವಾರ ಬರುತ್ತೇವೆ ಅಂತ.

ಚಿಗವ್ವ ಎರಡು ದಿನ ನಿದ್ದೆ ಮಾಡಲಿಲ್ಲ. ಬಂದವರು ಏನಾದರೂ ಕೇಳಿಯೇ ಕೇಳುತ್ತಾರೆ ಅಂತ ಒಂದು ಕವರ್ ಕೂಡ ರೆಡಿ ಮಾಡಿಟ್ಟಿದ್ದಳು. ಬಂದ ಅಧಿಕಾರಿ ಹೆಣ್ಣುಮಗಳು. ಕವರ್ ಇರಲಿ, ಚಹಾ ಕೂಡ ಕುಡಿಯಲಿಲ್ಲ. ಸೀದಾ ಹಿಂದಿನ ಬಾಗಿಲಿನಿಂದ ಒಳಗೆ ಹೋದರು. ನಾವು ಮುಂದಿನ ಟೇಬಲ್‌ಗಳನ್ನೆಲ್ಲಾ ತಿಕ್ಕಿ ತೊಳೆದಿಟ್ಟಿದ್ದೆವು, ಅವರು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದು ನೀರಿನ ಟಾಕಿ, ಮೋರಿ, ಕಸದ ಡಬ್ಬಿ, ಪಾತ್ರೆ ಒರೆಸುವ ಬಟ್ಟೆ.

ಟಾಕಿಗೆ ಮುಚ್ಚಳ ಇರಲಿಲ್ಲ, ಮೇಲೆ ಒಂದು ತಗಡು ಹಾಕಿದ್ದೆವು. ಕಸದ ಡಬ್ಬಿಯೂ ಬಾಯಿ ತೆರೆದದ್ದೇ. ಒಂದೇ ಬಟ್ಟೆಯಲ್ಲಿ ಟೇಬಲ್ಲನ್ನೂ ಒರೆಸುತ್ತಿದ್ದೆವು, ತಟ್ಟೆಯನ್ನೂ ಒರೆಸುತ್ತಿದ್ದೆವು. ರೊಟ್ಟಿ ಬಡಿಯುವ ಅಕ್ಕನ ಹೆಬ್ಬೆರಳಿಗೆ ಈಳಿಗೆ ತಾಗಿ ಗಾಯ ಆಗಿತ್ತು, ಅರಿಶಿನ ಹಚ್ಚಿಕೊಂಡು ಹಾಗೇ ಬಡಿಯುತ್ತಿದ್ದಳು. ಅಧಿಕಾರಿ ಅವಳ ಕೈ ಹಿಡಿದು ನೋಡಿ, ಗಾಯ ಮಾಯುವ ತನಕ ಹಿಟ್ಟು ಮುಟ್ಟಬೇಡವ್ವ, ಬೇರೆ ಕೆಲಸ ಮಾಡು ಅಂದರು. ಬೈಯಲಿಲ್ಲ. ಗಾಯದ ಕೀವಿನಿಂದ ಊಟಕ್ಕೆ ಏನಾಗುತ್ತದೆ ಅಂತ ಎರಡು ಮಾತಿನಲ್ಲಿ ತಿಳಿಸಿ ಹೇಳಿದರು. ಆ ಅಕ್ಕನ ದಿನಗೂಲಿ ತಪ್ಪಬಾರದು ಅಂತ ಚಿಗವ್ವ ಅವಳಿಗೆ ಒಂದು ವಾರ ಕಾಳು ಆರಿಸುವ ಕೆಲಸ ಕೊಟ್ಟಳು.

ಮಿರ್ಚಿ ಎಣ್ಣೆಯ ಮುಂದೆ ಅವರು ಬಹಳ ಹೊತ್ತು ನಿಂತರು. ಎಣ್ಣೆ ಕಪ್ಪಾಗಿತ್ತು. ನಿನ್ನೆಯದಕ್ಕೆ ಇವತ್ತು ಹೊಸದು ಸುರಿಯುವುದು ನಮ್ಮ ರೂಢಿ, ನಮ್ಮ ಕಡೆ ಬಹಳ ಜನರ ರೂಢಿ. ಹಾಗೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಡುಕಿನ ಅಂಶ ಸೇರುತ್ತಾ ಹೋಗುತ್ತದೆ, ಆ ಅಂಶ 25 ಶೇಕಡಾ ದಾಟಿದ ಎಣ್ಣೆ ಬಳಸಬಾರದು ಅಂತ 2018ರ ಜುಲೈ 1ರಿಂದ ನಿಯಮ ಇದೆ ಅಂದರು. ಅದನ್ನು ಅಳೆಯುವ ಯಂತ್ರ ನಮ್ಮಂಥವರ ಹತ್ತಿರ ಎಲ್ಲಿಂದ ಬರಬೇಕು? ಅವರು ಹೇಳಿದ್ದು ಸರಳ: ಸಣ್ಣ ಬಾಣಲೆ ಇಡಿ, ಎಣ್ಣೆ ಕಡಿಮೆ ಹಾಕಿ, ಹೊಗೆ ಬರುವಷ್ಟು ಕಾಯಿಸಬೇಡಿ, ಬಣ್ಣ ಕಪ್ಪಾಗಿ ಜಿಗುಟಾದರೆ ಚೆಲ್ಲಿಬಿಡಿ, ಹೊಸದಕ್ಕೆ ಕೂಡಿಸಬೇಡಿ. ಆ ವರ್ಷ ಎಣ್ಣೆ ರೇಟು ಎಲ್ಲಿಗೆ ಹೋಗಿತ್ತು ನೆನಪಿದೆ ಅಲ್ವಾ? ಚೆಲ್ಲು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ಮಾಡಿದೆವು. ದೊಡ್ಡ ಬಾಣಲೆ ಅಟ್ಟ ಸೇರಿತು. ಮಿರ್ಚಿ ಪ್ಲೇಟಿಗೆ ಐದು ರೂಪಾಯಿ ಏರಿಸಿದಳು ಚಿಗವ್ವ, ಗಿರಾಕಿ ಒಬ್ಬರೂ ಕಡಿಮೆ ಆಗಲಿಲ್ಲ.

ಕೊನೆಗೆ ಪೇಪರ್. ನಾವು ಮಿರ್ಚಿಯನ್ನು ಹಳೇ ದಿನಪತ್ರಿಕೆಯಲ್ಲೇ ಕಟ್ಟಿಕೊಡುತ್ತಿದ್ದೆವು. ಬಿಸಿ ಎಣ್ಣೆಗೆ ಶಾಯಿ ಕರಗಿ ತಿಂಡಿಗೆ ಹತ್ತುತ್ತದೆ, ಅದಕ್ಕೇ ಅದು ನಿಷೇಧ. ನಾನು ಚಿಕ್ಕವನಿದ್ದಾಗಿಂದ ಎಷ್ಟು ತಿಂದಿದ್ದೇನೋ. ಓದಿದವನು ನಾನು, ನನಗೇ ಒಂದು ದಿನವೂ ಹೊಳೆದಿರಲಿಲ್ಲ.

ಎಲ್ಲಾ ಸರಿ ಮಾಡಿ ಫೋಟೋ ಕಳಿಸಿದ ಮೇಲೆ ನೋಂದಣಿ ಬಂತು. 14 ಅಂಕಿಯ ನಂಬರ್, 21221 ಅಂತ ಶುರುವಾಗುತ್ತದೆ. ಮೊದಲಿನ 2 ಅಂದರೆ ನೋಂದಣಿ, ಲೈಸೆನ್ಸ್ ಆದರೆ ಅಲ್ಲಿ 1 ಇರುತ್ತದೆ. ಆಮೇಲಿನ 12 ಅಂದರೆ ಕರ್ನಾಟಕ, 21 ಅಂದರೆ 2021ನೇ ಇಸವಿ. ಇದು ಗೊತ್ತಾದ ಮೇಲೆ ನಾನು ಎಲ್ಲೇ ಊಟಕ್ಕೆ ಹೋದರೂ ಬಿಲ್ ಮೇಲೆ ಆ ಸಾಲನ್ನು ಓದುತ್ತೇನೆ.

ಈ ನಾಲ್ಕು ವರ್ಷದಲ್ಲಿ ಆದ ಇನ್ನೊಂದು ಲಾಭ ಬರೆಯಲೇಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ನಮ್ಮ ಓಣಿಯ ಗಾಡಿಯ ಹುಡುಗರು ಗಾಬರಿಯಾದರು, ಕೆಂಪು ಇಲ್ಲದಿದ್ದರೆ ಯಾರು ತಿನ್ನುತ್ತಾರೆ ಅಂತ. ಚಿಗವ್ವನೇ ಹೋಗಿ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕೋದನ್ನು ತೋರಿಸಿಕೊಟ್ಟಳು. ಖಾರ ಕಡಿಮೆ, ಬಣ್ಣ ಜಾಸ್ತಿ, ಪಕ್ಕದ ಹಾವೇರಿ ಜಿಲ್ಲೆಯಲ್ಲೇ ಬೆಳೆಯುವ ಕಾಯಿ. ಅಂಗಡಿ ಬಣ್ಣದಷ್ಟು ಕಡುಗೆಂಪು ಬರುವುದಿಲ್ಲ, ನಿಜ. ರುಚಿ ಮಾತ್ರ ಬೇರೆಯೇ. ಹದಿನೆಂಟು ವರ್ಷ ಕಾಗದ ಯಾಕೆ ಅಂದವಳು ಈಗ ಓಣಿಗೆಲ್ಲಾ ನಿಯಮ ಹೇಳಿಕೊಡುತ್ತಿದ್ದಾಳೆ, ಹುಡುಗರು ಕೇಳುತ್ತಾರೆ ಕೂಡ, ಯಾಕೆಂದರೆ ಅವಳು ಹೆದರಿಸುವುದಿಲ್ಲ.

ಈಗ ಒಂದು ಅಂಕ ಯಾಕೆ ಕಡಿಮೆ ಅಂತ. ನಾವು ತುಂಬಿದ ಅರ್ಜಿ ಇಂಗ್ಲಿಷಿನದು, ಬಂದ ಪ್ರಮಾಣಪತ್ರವೂ ಇಂಗ್ಲಿಷಿನಲ್ಲೇ. ಸಹಿ ಹಾಕಿದ್ದು ಚಿಗವ್ವ, ಓದಿದ್ದು ನಾನು. ಸ್ವಚ್ಛತೆಯ ಷರತ್ತುಗಳಿಗೆಲ್ಲಾ ಒಪ್ಪಿದ್ದೇನೆ ಅಂತ ಸಹಿ ಹಾಕುವವಳಿಗೆ ಆ ಷರತ್ತು ಅವಳ ಭಾಷೆಯಲ್ಲಿ ಸಿಗಬೇಕು. ನಾನು ಅವನ್ನೆಲ್ಲಾ ಕನ್ನಡದಲ್ಲಿ ಒಂದು ರಟ್ಟಿನ ಮೇಲೆ ಬರೆದು ಒಲೆಯ ಎದುರಿನ ಗೋಡೆಗೆ ಹಾಕಿದೆ, ಅದರಿಂದ ಆದಷ್ಟು ಉಪಯೋಗ ಆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರದಿಂದ ಆಗಿಲ್ಲ. ಎರಡನೆಯದು, ಆ ಅಧಿಕಾರಿ ಬಂದಿದ್ದು ಅದೊಂದೇ ಸಲ. ಆಮೇಲೆ ನಮ್ಮಲ್ಲಿಗೆ ಯಾರೂ ಬಂದಿಲ್ಲ. ಬಂದರೆ ನಮಗೆ ಹೆದರಿಕೆ ಇಲ್ಲ, ಕೇಳಲು ಪ್ರಶ್ನೆಗಳೇ ಇವೆ. ನಂಬರ್ ಗೋಡೆ ಮೇಲಿದ್ದ ಮಾತ್ರಕ್ಕೆ ಅಡುಗೆಮನೆ ಸ್ವಚ್ಛ ಅಂತ ಊಟಕ್ಕೆ ಬರುವವರೂ ತಿಳಿಯಬಾರದು, ಹಿಂದಿನ ಬಾಗಿಲು ತೆರೆದಿದ್ದರೆ ಒಮ್ಮೆ ಇಣುಕಿ ನೋಡಿ, ಒಳ್ಳೆ ಖಾನಾವಳಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮಗೆ ಬಂದ ಪ್ರಮಾಣಪತ್ರದಲ್ಲಿ ಅವಧಿ 2026ರ ಡಿಸೆಂಬರ್ ತನಕ ಅಂತ ಇದೆ. ನವೀಕರಣಕ್ಕೆ ಈಗ ಏನು ನಿಯಮ ಇದೆ ಅಂತ ಕೊನೆಯ ದಿನದವರೆಗೆ ಕಾಯದೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಬೇಕು. ಆ ಕೆಲಸ ನನ್ನದು. ಚಿಗವ್ವ ಈಗ ಮಿರ್ಚಿಯನ್ನು ಮುತ್ತುಗದ ಎಲೆಯಲ್ಲಿ ಕೊಡುತ್ತಾಳೆ, ಎಲೆಯ ಒಂದು ಕಟ್ಟಿಗೆ ಹತ್ತು ರೂಪಾಯಿಯಂತೆ ಹಳ್ಳಿಯಿಂದ ಒಬ್ಬ ಅಜ್ಜಿ ವಾರಕ್ಕೆ ಎರಡು ಸಲ ತಂದುಕೊಡುತ್ತಾರೆ.