ಕ್ರೂಸರ್ ಮೂತಿಗೆ ಯಾವುದು: ಮೂರನೇ ದರ್ಜೆ ಬೀಮೋ, ಪಲ್ಸ್ ಟಾರ್ಪೆಡೊನೋ?

ಟೇಬಲ್ ಮೇಲೆ ದಾಳ ಎಸೆದು ಆಡುವ ಬಾಹ್ಯಾಕಾಶ ಹಡಗುಗಳ ಕಾಳಗ, ಫುಲ್ ಥ್ರಸ್ಟ್. ಅದಕ್ಕೆ ಸ್ವಂತ ಹಡಗು ಬರೆಯಲು ಕೂತವರಿಗೆ ಈ ಪ್ರಶ್ನೆ ಎದುರಾಗೇ ಆಗುತ್ತದೆ. 1998ರ ಫ್ಲೀಟ್ ಬುಕ್ ನಿಯಮದಲ್ಲಿ, ಮುಂದಕ್ಕೆ ಮಾತ್ರ ಹೊಡೆಯುವ ಮೂರನೇ ದರ್ಜೆ (ಕ್ಲಾಸ್ 3) ಬೀಮ್ ಗನ್‌ಗೆ 4 ಮಾಸ್, ಅಂದರೆ ಹಡಗಿನಲ್ಲಿ ಅದು ಹಿಡಿಯುವ ತೂಕ. ಪಲ್ಸ್ ಟಾರ್ಪೆಡೊಗೂ 4 ಮಾಸ್. ಎರಡಕ್ಕೂ ಬೆಲೆ 12 ಪಾಯಿಂಟ್. ಹಾಗಾದರೆ ಯಾವುದನ್ನು ಇಡುವುದು?

ದಾವಣಗೆರೆಯ ನಮ್ಮ ಮನೆಯಲ್ಲಿ ನಾನೂ ಚಿಕ್ಕಪ್ಪನ ಮಗನೂ ನಾಲ್ಕು ಭಾನುವಾರ ಕೂತು ಆಡಿ ನೋಡಿದೆವು. ಊಟದ ಟೇಬಲ್ ಸಣ್ಣದು, ಹಾಗಾಗಿ ಇಂಚಿನ ಬದಲು ಸೆಂಟಿಮೀಟರ್ ಲೆಕ್ಕ. ಇಬ್ಬರದೂ ಒಂದೇ ಥರದ ಕ್ರೂಸರ್. ಮುಂದಿನ ಎರಡು ಗನ್ ಮಾತ್ರ ಬೇರೆ: ನನಗೆ ಬೀಮ್, ಅವನಿಗೆ ಟಾರ್ಪೆಡೊ.

ಗುರಿ 12 ಸೆಂಟಿಮೀಟರ್ ಒಳಗಿದ್ದರೆ ಬೀಮ್‌ಗೆ ಮೂರು ದಾಳ, 24ರ ಒಳಗೆ ಎರಡು, 36ರ ತನಕ ಒಂದು. 4 ಅಥವಾ 5 ಬಿದ್ದರೆ ಒಂದು ಪೆಟ್ಟು, 6 ಬಿದ್ದರೆ ಎರಡು ಪೆಟ್ಟು, ಮೇಲೆ ಇನ್ನೊಂದು ಸಲ ಎಸೆಯಬಹುದು. ಟಾರ್ಪೆಡೊಗೆ ಮೊದಲು ಗುರಿ ತಾಗಬೇಕು. 6ರ ಒಳಗಿದ್ದರೆ 2 ಬಿದ್ದರೂ ಸಾಕು. ಆಮೇಲೆ ಪ್ರತಿ 6ಕ್ಕೆ ಒಂದೊಂದು ಕಷ್ಟ. 24 ದಾಟಿದರೆ 6 ಬಿದ್ದರೆ ಮಾತ್ರ ತಾಗುತ್ತದೆ. ತಾಗಿತು ಅಂದರೆ ಇನ್ನೊಂದು ದಾಳ, ಬಿದ್ದಷ್ಟೂ ಪೆಟ್ಟು. ಶಾಲೆಯ 30 ಸೆಂಟಿಮೀಟರ್ ಸ್ಕೇಲ್ ಮುಟ್ಟದ ಹಡಗಿಗೆ ಟಾರ್ಪೆಡೊವೂ ಮುಟ್ಟುವುದಿಲ್ಲ.

ಮಂಡಕ್ಕಿ ಮಿರ್ಚಿ ತಿನ್ನುತ್ತಾ ಸರಾಸರಿ ಲೆಕ್ಕ ಹಾಕಿದೆವು. 12ರ ಒಳಗೆ ಬೀಮ್‌ಗೆ ಒಂದು ಸಲಕ್ಕೆ 2.4 ಪೆಟ್ಟು. ಟಾರ್ಪೆಡೊಗೆ ತೀರಾ ಹತ್ತಿರದಲ್ಲಿ 2.9, ಸ್ವಲ್ಪ ದೂರ ಸರಿದರೆ 2.3. ಹದಿನೆಂಟರ ಆಚೆ ಬೀಮ್‌ನದೇ ಮೇಲುಗೈ. ಇಷ್ಟು ನೋಡಿದರೆ ಬೀಮ್ ತಗೊಂಡರೆ ನಷ್ಟ ಇಲ್ಲ ಅನ್ನಿಸುತ್ತದೆ, ಅಲ್ವಾ? ಮೊದಲ ಎರಡು ಭಾನುವಾರ ಹಾಗೇ ಆಯಿತು. ಅವನು ಹತ್ತಿರ ಬರುವ ಹೊತ್ತಿಗೆ ನನ್ನ ಬೀಮ್ ನಾಲ್ಕೈದು ಪೆಟ್ಟು ಕೊಟ್ಟಾಗಿರುತ್ತಿತ್ತು.

ಮೂರನೇ ವಾರ ಇಬ್ಬರೂ ಎರಡನೇ ಹಂತದ ಸ್ಕ್ರೀನ್, ಅಂದರೆ ಹಡಗಿನ ರಕ್ಷಾಕವಚ, ಹಾಕಿಕೊಂಡೆವು. ಆಟವೇ ತಿರುಗಿತು. ಆ ಸ್ಕ್ರೀನ್ ಮುಂದೆ ಬೀಮ್‌ನ 4ಕ್ಕೆ ಬೆಲೆ ಇಲ್ಲ, 6 ಬಿದ್ದರೂ ಒಂದೇ ಪೆಟ್ಟು. ಹತ್ತಿರದಿಂದ ಹೊಡೆದರೂ ಸರಾಸರಿ ಒಂದೂವರೆಗಿಂತ ಕಡಿಮೆ. ಟಾರ್ಪೆಡೊಗೆ ಸ್ಕ್ರೀನ್ ಲೆಕ್ಕಕ್ಕೇ ಇಲ್ಲ. "ಅಣ್ಣಾ, ಐದು ಬಿತ್ತು ನೋಡು!" ಅಂದ. ಹಲ್ ಅಂದರೆ ಹಡಗಿನ ಒಡಲು, ಹಾಳೆಯಲ್ಲಿ ಪೆಟ್ಟಿಗೊಂದರಂತೆ ಹೊಡೆದುಹಾಕುವ ಚೌಕಗಳ ಸಾಲುಗಳು. ನನ್ನ ಹಲ್‌ನ ಮೊದಲ ಸಾಲು ಒಂದೇ ಏಟಿಗೆ ಖಾಲಿ. ಸಾಲು ಮುಗಿದಾಗ ಹಡಗಿನ ಪ್ರತಿಯೊಂದು ಸಾಧನಕ್ಕೂ ದಾಳ ಎಸೆಯಬೇಕು, ಮೊದಲ ಸಾಲಿಗೆ 6 ಬಿದ್ದರೆ ಅದು ಕೆಟ್ಟಿತು. ನನ್ನ ಒಂದು ಬೀಮ್ ಹೋಯಿತು. ಬೀಮ್ ಚೂರು ಚೂರೇ ಕೆರೆಯುತ್ತದೆ. ಟಾರ್ಪೆಡೊ ಒಂದೇ ಸಲ ಕಿತ್ತುಹಾಕುತ್ತದೆ. ಸರಾಸರಿಯಲ್ಲಿ ಕಾಣದ ಈ ವ್ಯತ್ಯಾಸ ಟೇಬಲ್ ಮೇಲೆ ಚೆನ್ನಾಗಿ ಕಾಣುತ್ತದೆ.

ಎದುರಿಗೆ ಸಣ್ಣ ಹಡಗುಗಳಿದ್ದರೆ ವಿಷಯ ಬೇರೆ. ಮೂರ್ನಾಲ್ಕು ಚೌಕದ ಹಲ್ ಇರುವ ಹಡಗಿಗೆ ಟಾರ್ಪೆಡೊದಲ್ಲಿ 6 ಬಿದ್ದರೆ ಎರಡು ಮೂರು ಪೆಟ್ಟು ಸುಮ್ನೆ ವ್ಯರ್ಥ. ಅಲ್ಲಿ ಬೀಮನ್ನೇ ಇಡಿ.

ನಾಲ್ಕನೇ ವಾರ ಇಬ್ಬರೂ ಗನ್ ಅದಲು ಬದಲು ಮಾಡಿಕೊಂಡು ಸ್ಕ್ರೀನ್ ಜೊತೆಗೇ ಆಡಿದೆವು. ಟಾರ್ಪೆಡೊ ಕಡೆಯವರೇ ಗೆದ್ದರು. ಎದುರಾಳಿ ಸ್ಕ್ರೀನ್ ಇರುವ ದೊಡ್ಡ ಹಡಗು ತರುತ್ತಾನೆ ಅಂತ ಗೊತ್ತಿದ್ದರೆ ನನ್ನ ಆಯ್ಕೆ ಎರಡೂ ಟಾರ್ಪೆಡೊ, ಅನುಮಾನವೇ ಇಲ್ಲ. ಏನು ತರುತ್ತಾನೋ ಗೊತ್ತಿಲ್ಲದಿದ್ದರೆ ಒಂದು ಬೀಮ್, ಒಂದು ಟಾರ್ಪೆಡೊ. ಈಗ ನನ್ನ ಕ್ರೂಸರ್ ಹಾಳೆಯಲ್ಲಿ ಹಾಗೇ ಬರೆದಿದ್ದೇನೆ.