ಬಟ್ಟೆ ಟಾಪೋ, ಲೋಹದ ಟಾಪೋ: ಕೊಡಗಿಗೆ ಯಾವ ಕನ್ವರ್ಟಿಬಲ್?

ಕನ್ವರ್ಟಿಬಲ್ ಎಂದರೆ ಟಾಪ್, ಅಂದರೆ ಚಾವಣಿ, ಮಡಚಿ ತೆರೆದು ಓಡಿಸಬಹುದಾದ ಕಾರು. 1996ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ಬಂದ ಮೇಲೆ ಮಡಚುವ ಲೋಹದ ಟಾಪ್‌ಗೆ ಜನ ಮರುಳಾದರು. ಈಗ ಗಾಳಿ ತಿರುಗಿದೆ. 2009ರ ಬಿಎಂಡಬ್ಲ್ಯು ಝಡ್4ಗೆ ಲೋಹದ ಟಾಪ್ ಇತ್ತು, 2018ರ ಹೊಸದಕ್ಕೆ ಬಟ್ಟೆ. 2021ರಲ್ಲಿ ಮರ್ಸಿಡಿಸ್ ಎಸ್‌ಎಲ್ ಕೂಡ ಬಟ್ಟೆಗೇ ಮರಳಿತು, ಟಾಪ್‌ನ ತೂಕವೂ 21 ಕೆಜಿ ಇಳಿಯಿತು.

ನೋಟದಲ್ಲಿ ನನ್ನ ಮತ ಬಟ್ಟೆಗೇ. ಲೋಹದ ತುಂಡುಗಳೆಲ್ಲ ಡಿಕ್ಕಿಯೊಳಗೆ ಕೂರಬೇಕಲ್ವಾ? ಅದಕ್ಕೇ ಕಾರಿನ ಹಿಂಭಾಗ ಎತ್ತರವಾಗಿ, ದಪ್ಪಗೆ ಕಾಣುತ್ತದೆ. ಟಾಪ್ ತೆರೆದರೆ ಡಿಕ್ಕಿಯಲ್ಲಿ ಜಾಗವೂ ಹೆಚ್ಚು ಉಳಿಯುವುದಿಲ್ಲ. ಬಟ್ಟೆ ತೆಳ್ಳಗೆ ಮಡಚಿಕೊಳ್ಳುತ್ತದೆ. ಹೊಸ ಎಸ್‌ಎಲ್‌ನಲ್ಲಿ 60 ಕಿ.ಮೀ. ವೇಗದವರೆಗೂ ಓಡುತ್ತಲೇ ತೆರೆಯಬಹುದು, ಸುಮಾರು 15 ಸೆಕೆಂಡ್ ಸಾಕು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿದಾಗ ಸಿದ್ದಾಪುರದ ತೋಟಗಳ ನಡುವೆ ಹೀಗೆ ಹೋಗುವ ಸುಖವೇ ಬೇರೆ!

ಆದರೆ ಜೂನ್ ಬಂತೆಂದರೆ ಲೆಕ್ಕ ಬದಲು. ಮಡಿಕೇರಿ, ಭಾಗಮಂಡಲದ ಕಡೆ ದಿನಗಟ್ಟಲೆ ಮಳೆ ಬಿಡುವುದಿಲ್ಲ. ಬಟ್ಟೆ ಒದ್ದೆಯಾಗೇ ಉಳಿದರೆ ಹೊಲಿಗೆಯ ಸಂದಿಯಲ್ಲಿ ಬೂಸ್ಟು ಹಿಡಿಯುತ್ತದೆ. ಒದ್ದೆ ಟಾಪನ್ನು ಮಡಚಿ ಇಡಲೇಬೇಡಿ. ಲೋಹಕ್ಕೆ ಆ ಚಿಂತೆ ಇಲ್ಲ. ಆದರೂ ರಬ್ಬರ್ ಬೀಡಿಂಗ್ (ಅಂಚಿನ ಪಟ್ಟಿ), ನೀರು ಹೋಗುವ ತೂತುಗಳಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಳ್ಳದಂತೆ ನೋಡಬೇಕು. ಈ ಕೆಲಸ ಎರಡಕ್ಕೂ ಇದೆ.

ಗಾಳಿಯಾಡುವ ಶೆಡ್ ಇದ್ದರೆ ಕಣ್ಣುಮುಚ್ಚಿ ಬಟ್ಟೆಯದನ್ನೇ ತಗೊಳ್ಳಿ. ಕಾರು ಮರದಡಿಯೇ ನಿಲ್ಲಬೇಕಾದರೆ ಲೋಹದ ಟಾಪ್‌ನ ಹಳೆಯ ಕಾರು ಹುಡುಕಿ. ಕೊಳ್ಳುವ ಮುಂಚೆ ನಾಲ್ಕೈದು ಸಲ ಟಾಪ್ ತೆರೆದು ಮುಚ್ಚಿಸಿ ನೋಡಿ.